ಲಿಯಾನ್‌ನಲ್ಲಿ ಅಪ್ಪ ನೋಡಿದ ಗೋಡೆ

2024ರ ಸೆಪ್ಟೆಂಬರ್ 12. ಬೆಳಿಗ್ಗೆ ಎಂಟಕ್ಕೇ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರೆಡಿಯಾಗಿ ಕೂತಿದ್ದರು. ನಾನು ಫ್ರಾನ್ಸಿನ ಲಿಯಾನ್‌ಗೆ ಕೆಲಸಕ್ಕೆ ಬಂದು ಆರು ವರ್ಷ. ಅಪ್ಪ ಮಳವಳ್ಳಿ ಕಡೆಯ ಗಾರೆ ಮೇಸ್ತ್ರಿ, ನಲವತ್ತು ವರ್ಷ ಗೋಡೆ ಕಟ್ಟಿದವರು. ಮೊದಲ ಸಲ ವಿಮಾನ ಹತ್ತಿ ಬಂದಿದ್ದರು. ಚರ್ಚು, ಎರಡು ನದಿ, ಹಳೇ ಪೇಟೆ ಎಲ್ಲ ತೋರಿಸಿದ್ದೆ. ಹೋದಲ್ಲೆಲ್ಲ ಅವರು ಕಲ್ಲಿನ ಸಂದು ಮುಟ್ಟಿ ನೋಡುತ್ತಿದ್ದರು. ಅದಕ್ಕೇ ಅವತ್ತು ವರ್ಲ್ಡ್‌ಸ್ಕಿಲ್ಸ್ ಸ್ಪರ್ಧೆಗೆ ಕರೆದುಕೊಂಡು ಹೋದೆ.

ಇದು ಕಸುಬುಗಳ ವಿಶ್ವಸ್ಪರ್ಧೆ. ಗಾರೆ, ವೆಲ್ಡಿಂಗ್, ಮರಗೆಲಸ, ಅಡುಗೆಯಿಂದ ಹಿಡಿದು ರೋಬೋಟ್‌ವರೆಗೆ ಆ ಸಲ 59 ಕಸುಬು. ಬರುವವರು ಹೆಚ್ಚಿನವರು 22 ದಾಟದ ಹುಡುಗ ಹುಡುಗಿಯರು. ನಮ್ಮ ದೇಶದಿಂದಲೇ 60 ಜನ ಬಂದಿದ್ದರು.

ಲಿಯಾನ್‌ಗೆ ಇದು ತಾನಾಗೇ ಬಂದಿದ್ದಲ್ಲ. ಕೇಳಿ, ಓಡಾಡಿ, ಮತ ಪಡೆದು ತಂದದ್ದು. 2019ರಲ್ಲಿ ರಷ್ಯಾದ ಕಜಾನ್‌ನಲ್ಲಿ ಸದಸ್ಯ ದೇಶಗಳು ಮತ ಹಾಕಿದಾಗ ಎದುರಿಗಿದ್ದದ್ದು ಜಪಾನಿನ ಐಚಿ, ಟೊಯೋಟಾದ ತವರು. ಗೆದ್ದದ್ದು ಲಿಯಾನ್. 2023ರಲ್ಲಿ ಆಗಬೇಕಿದ್ದದ್ದು ಕೊರೊನಾದಿಂದ ಒಂದು ವರ್ಷ ಮುಂದೆ ಹೋಯಿತು. ಈ ಊರಿಗೆ ಹೇಳಿಕೊಳ್ಳಲು ಬೇಕಾದಷ್ಟಿದೆ. ನಮ್ಮ ರೇಷ್ಮೆ ಮಗ್ಗಗಳ ಮೇಲೆ ಕೂರುವ ಜಕಾರ್ಡ್ ಇದೆಯಲ್ಲ, ಆ ಹೆಸರಿನ ಮನುಷ್ಯ ಹುಟ್ಟಿದ್ದು ಇಲ್ಲೇ. ಸ್ಪರ್ಧೆ ನಡೆದ ಯೂರೆಕ್ಸ್‌ಪೋದಲ್ಲೇ ಬೊಕ್ಯೂಸ್ ದೋರ್ ಅನ್ನೋ ದೊಡ್ಡ ಅಡುಗೆ ಸ್ಪರ್ಧೆಯೂ ನಡೆಯುತ್ತದೆ. 1995ರಲ್ಲಿ ಇದೇ ಕಸುಬುಗಳ ಸ್ಪರ್ಧೆಯನ್ನು ಒಮ್ಮೆ ಮಾಡಿದ ಅನುಭವ ಬೇರೆ.

ಆದರೆ ನನ್ನ ಮನಸ್ಸಿಗೆ ನಾಟಿದ್ದು ಬಾಗಿಲ ಮುಂದಿನ ಬಸ್ಸುಗಳು. ಒಂದರ ಹಿಂದೆ ಒಂದು ಬಂದು ನಿಲ್ಲುತ್ತಿದ್ದವು. ಒಳಗಿಂದ ಶಾಲೆ ಮಕ್ಕಳು ದುಡುದುಡು ಇಳಿಯುತ್ತಿದ್ದರು. ಒಳಗೆ ಹೋಗಿ, ಸ್ಪರ್ಧಿಗಳು ಪೈಪ್ ಜೋಡಿಸುವುದನ್ನು ಬಾಯಿಬಿಟ್ಟು ನೋಡುತ್ತಾ ನಿಂತಿದ್ದರು. ಒಂದು ಸೀಮೆ ಇಂಥ ಸ್ಪರ್ಧೆ ಬೇಡುವುದು ಹೊರಗಿನವರು ಬರಲಿ ಅಂತ ಮಾತ್ರ ಅಂದುಕೊಂಡಿದ್ದೆ. ಅವತ್ತು ಗೊತ್ತಾಯಿತು, ತನ್ನ ಮಕ್ಕಳಿಗೆ ತೋರಿಸಲಿಕ್ಕೂ ಹೌದು.

ಅಪ್ಪ ಮಾತ್ರ ಗಾರೆಯವರ ಕಟಕಟೆ ಬಿಟ್ಟು ಕದಲಲಿಲ್ಲ.

ನಮ್ಮ ಎದುರಿಗಿದ್ದ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು. ಕರಣೆಯಲ್ಲಿ ಗಾರೆ ಎತ್ತಿ, ಇಟ್ಟಿಗೆಯ ತಲೆಗೆ ಸವರಿ, ಕೂರಿಸಿ, ಹಿಡಿಯಿಂದ ಎರಡೇ ಎರಡು ತಟ್ಟು. ಮೇಲೆ ರಸಮಟ್ಟ ಇಟ್ಟ. ಗುಳ್ಳೆ ಗೆರೆಯ ಒಂದು ಕಡೆಗೆ ಜರುಗಿತು. ಕೂದಲೆಳೆಯಷ್ಟು. ಅವನು ಆ ಇಟ್ಟಿಗೆ ಕಿತ್ತ. ಗಾರೆಯನ್ನೆಲ್ಲ ಕೆರೆದು ತೆಗೆದು ಮತ್ತೆ ಹಾಕಿದ. ಅಪ್ಪ ಉಸಿರು ಬಿಟ್ಟರು.

"ಕಿತ್ತ ನೋಡವ್ವ. ಯಾರೂ ಹೇಳಲಿಲ್ಲ. ತಾನೇ ಕಿತ್ತ."

ಇಲ್ಲಿ ಮಟ್ಟ, ಗೋಡೆಯ ನೇರ, ಮೂಲೆ ಎಲ್ಲವನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಅಂಕ ಕೊಡುತ್ತಾರೆ ಅಂದೆ. ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮ ಗೋಡೆಗೂ ಯಾರಾದರೂ ಅಂಕ ಕೊಟ್ಟಿದ್ದಿದ್ರೆ" ಅಂದರು. ಮುಂದಕ್ಕೆ ಮಾತು ಹೊರಡಲಿಲ್ಲ.

ನನ್ನ ಗಂಟಲು ಕಟ್ಟಿತು. ಎಂಟನೇ ಕ್ಲಾಸಿನಲ್ಲಿ ಒಂದು ಅರ್ಜಿಯಲ್ಲಿ ತಂದೆಯ ಉದ್ಯೋಗ ಅನ್ನೋ ಕಡೆ ನಾನು 'ಕಂಟ್ರಾಕ್ಟರ್' ಅಂತ ಬರೆದಿದ್ದೆ. ಅಪ್ಪ ಅದನ್ನು ಓದಿ ಏನೂ ಹೇಳದೆ ಸಹಿ ಹಾಕಿದ್ದರು. ಆ ಸಹಿ ನನಗೆ ಇವತ್ತಿಗೂ ಕಣ್ಣ ಮುಂದಿದೆ.

ಮಧ್ಯಾಹ್ನ ಬೆಂಚಿನ ಮೇಲೆ ಕೂತು ಚಪಾತಿ ತಿನ್ನುವಾಗ ಕೇಳಿದರು, "ಇದನ್ನ ಬೆಂಗಳೂರಲ್ಲಿ ಮಾಡಬಹುದಲ್ವಾ?"

ಭಾರತದಲ್ಲಿ ಇನ್ನೂ ಒಮ್ಮೆಯೂ ಆಗಿಲ್ಲ. 2026ಕ್ಕೆ ಶಾಂಘೈ, 2028ಕ್ಕೆ ಅಂದು ಸೋತ ಐಚಿ. ಕರ್ನಾಟಕದ ಪರವಾಗಿ ಹೇಳಲು ಏನು ಕಮ್ಮಿ? ಚನ್ನಪಟ್ಟಣದ ಅರಗಿನ ಬೊಂಬೆ, ಬೀದರಿನ ಬಿದರಿ ಕೆಲಸ, ಪೀಣ್ಯದ ಲೇತ್‌ಗಳು, ಊರೂರಿನ ಐಟಿಐ. ಕೇಳಬೇಕು ಅಂತಲೇ ನನ್ನ ಆಸೆ. ಆದರೆ ಅದಕ್ಕೂ ಮೊದಲು ಮಳವಳ್ಳಿಯ ಶಾಲೆ ಮಕ್ಕಳನ್ನು ಒಂದು ಬಸ್ಸಿನಲ್ಲಿ ಕೂರಿಸಿ ಹತ್ತಿರದ ಐಟಿಐಗೆ ಕರೆದುಕೊಂಡು ಹೋಗಬೇಕು. ಅಲ್ಲಿನ ಹುಡುಗರು ಕೆಲಸ ಮಾಡುವುದನ್ನು ನಿಂತು ನೋಡಲು ಬಿಡಬೇಕು. ಅದಕ್ಕೆ ಯಾರ ಮತವೂ ಬೇಕಿಲ್ಲ.

ಊಟ ಆದ ಮೇಲೆ ಅಪ್ಪ ಮತ್ತೆ ಅದೇ ಗೋಡೆ ಹತ್ತಿರ ಹೋದರು. ನಾನು ಹೋಗುವಷ್ಟರಲ್ಲಿ ಫೋನ್ ಎತ್ತಿ ಹಿಡಿದಿದ್ದರು. ಆ ಕಡೆ ವಿಡಿಯೋದಲ್ಲಿ ಊರಿನ ಸಿದ್ದಣ್ಣ, ಅಪ್ಪನ ಜೊತೆ ಇಪ್ಪತ್ತು ವರ್ಷ ಗಾರೆ ಕಲಸಿದವರು. ಅಲ್ಲಿ ಆಗಲೇ ಸಂಜೆ.

"ಏಯ್ ಸಿದ್ದ, ಮೂರನೇ ವರಸೆ ನೋಡ್ಲಾ. ಸಂದು ನೋಡು, ಎಲ್ಲಾ ಒಂದೇ ಸಮ" ಅನ್ನುತ್ತಾ ಅಪ್ಪ ಕಟಕಟೆಗೆ ಒರಗಿ ಫೋನನ್ನು ಇನ್ನಷ್ಟು ಹತ್ತಿರ ಚಾಚಿದರು.