ಗ್ರೌಂಡ್ ರನ್‌ನಲ್ಲಿ ಎಲ್ಲಾ ಸರಿ ಇತ್ತು

ವಿಮಾನ ರಿಪೇರಿಯ ಹ್ಯಾಂಗರ್‌ಗೆ ಸೇರಿ ಆಗ ಎರಡು ವರ್ಷ. ಒಂದು ಸಣ್ಣ ಟರ್ಬೊಪ್ರಾಪ್ ಬಂದಿತ್ತು, ಅಂದರೆ ಟರ್ಬೈನ್ ಎಂಜಿನ್ ಪ್ರೊಪೆಲ್ಲರ್ ತಿರುಗಿಸುವ ವಿಮಾನ. ಹಾರುವಾಗ ಬಲಗಡೆ ಪ್ರೊಪೆಲ್ಲರಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ಏರಿಳಿಯುತ್ತದೆ ಅಂತ ಪೈಲಟ್ ಲಾಗ್‌ಬುಕ್ಕಿನಲ್ಲಿ ಬರೆದಿದ್ದರು. ನೆಲದ ಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿದೆ, ಆರ್‌ಪಿಎಂ ಮೀಟರಿನ ಮುಳ್ಳು ಅಲುಗಲಿಲ್ಲ. ಕನೆಕ್ಟರ್ ಬಿಚ್ಚಿ, ಒರೆಸಿ ಹಾಕಿ, ‘ಗ್ರೌಂಡ್ ರನ್ ಆಗಿದೆ, ಸರಿಯಿದೆ’ ಅಂತ ಬರೆದೆ. ಮೂರನೇ ದಿನ ಅದೇ ದೂರು ವಾಪಸ್.

ನಮ್ಮ ಸೀನಿಯರ್ ಕರೆದರು. “ಏನಪ್ಪಾ, ತಪ್ಪು ಏನು ಸಿಕ್ಕಿತ್ತು?”

“ಏನೂ ಸಿಗಲಿಲ್ಲ ಸಾರ್.”

“ಮತ್ತೆ ರಿಪೇರಿ ಮಾಡಿದ್ದು ಯಾವುದನ್ನ?”

ಆಮೇಲೆ ಟೀ ಕುಡಿಯುತ್ತಾ ಅವರು ಲಾಟೆಕೋಯೆರ್ 300ರ ಕಥೆ ತೆಗೆದರು. ದಕ್ಷಿಣ ಅಟ್ಲಾಂಟಿಕ್ ದಾಟಿ ಟಪಾಲು ಒಯ್ಯಲೆಂದು ಫ್ರೆಂಚರು ಕಟ್ಟಿದ, ನೀರಿನ ಮೇಲೆ ಇಳಿಯುವ ವಿಮಾನ. ನಾಲ್ಕು ಹಿಸ್ಪಾನೊ-ಸುಯಿಜಾ ಎಂಜಿನ್, ಒಂದೊಂದೂ 650 ಅಶ್ವಶಕ್ತಿ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಜೋಡಿ: ಮುಂದಿನದು ಎಳೆಯುತ್ತದೆ, ಹಿಂದಿನದು ತಳ್ಳುತ್ತದೆ. 1931ರ ಡಿಸೆಂಬರ್‌ನಲ್ಲಿ ಮೊದಲ ಪ್ರಯತ್ನದಲ್ಲೇ ಮುಳುಗಿತು. ಎತ್ತಿ, ತಿದ್ದಿ, ಮತ್ತೆ ಕಟ್ಟಿ 1932ರಲ್ಲಿ ಹಾರಿಸಿದರು. 1934ರ ಜನವರಿ ಹೊತ್ತಿಗೆ ಸೆನೆಗಲ್‌ನ ಸೇಂಟ್ ಲೂಯಿಯಿಂದ ಬ್ರೆಜಿಲ್‌ನ ನಟಾಲ್ ತಲುಪಿತ್ತು. ಮುಳುಗಿದ ವಿಮಾನ ಒಂದು ಲೆಕ್ಕದಲ್ಲಿ ಸುಲಭ, ತಪ್ಪಿದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

1936ರ ಡಿಸೆಂಬರ್ 7ರಂದು ಕಥೆ ಬೇರೆ. ಅದೇ ವಿಮಾನ, ಪೈಲಟ್ ಫ್ರಾನ್ಸಿನ ಜ್ಯಾಂ ಮೆರ್ಮೋಜ್. 1930ರಲ್ಲಿ ಲಾಟೆಕೋಯೆರ್ 28 ವಿಮಾನದಲ್ಲಿ ಇದೇ ಸಾಗರವನ್ನು ಟಪಾಲಿನ ಸಮೇತ ಸುಮಾರು 21 ಗಂಟೆಯಲ್ಲಿ ದಾಟಿದ್ದವರು. ಬೆಳಗ್ಗೆ ಸೆನೆಗಲ್‌ನ ಡಕಾರ್‌ನಿಂದ ಹೊರಟವರು ಪ್ರೊಪೆಲ್ಲರ್ ತೊಂದರೆ ಅಂತ ಹಿಂತಿರುಗಿದರು. ಮೆಕ್ಯಾನಿಕ್‌ಗಳು ನೋಡಿದರು, ವಿಮಾನ ಮತ್ತೆ ಹೊರಟಿತು. 10:47ಕ್ಕೆ ರೇಡಿಯೊದಲ್ಲಿ ಒಂದು ಸಾಲು: ಬಲಗಡೆಯ ಹಿಂದಿನ ಎಂಜಿನ್ ನಿಲ್ಲಿಸುತ್ತಿದ್ದೇವೆ. ಅಷ್ಟೇ. ವಿಮಾನದಲ್ಲಿದ್ದ ಐವರ ಸುಳಿವೂ ಸಿಗಲಿಲ್ಲ. ಎರಡು ದಿನ ಕಳೆದಿದ್ದರೆ ಮೆರ್ಮೋಜ್‌ಗೆ 35 ತುಂಬುತ್ತಿತ್ತು.

ಆ ಮೆಕ್ಯಾನಿಕ್‌ಗಳನ್ನು ದೂರಲು ನನಗೆ ಬಾಯಿಲ್ಲ. ಟಪಾಲು ಕಾಯುತ್ತಿರುತ್ತದೆ, ಪೈಲಟ್‌ಗೆ ಅವಸರ, ನೆಲದ ಮೇಲೆ ಎಂಜಿನ್ ಚೆನ್ನಾಗಿಯೇ ಸದ್ದು ಮಾಡುತ್ತಿರುತ್ತದೆ. ನನ್ನ ಮೇಲಂತೂ ಅಷ್ಟು ಒತ್ತಡವೂ ಇರಲಿಲ್ಲ.

ನಮ್ಮ ವಿಮಾನದ ಗವರ್ನರ್, ಅಂದರೆ ಪ್ರೊಪೆಲ್ಲರಿನ ವೇಗ ಹಿಡಿದಿಡುವ ಭಾಗ, ಬಿಚ್ಚಿ ಟೆಸ್ಟ್ ಬೆಂಚಿಗೆ ಕಳಿಸಿದೆವು. ಒಳಗಿನ ವಾಲ್ವ್ ಸವೆದಿತ್ತು. ಎಣ್ಣೆ ಚೆನ್ನಾಗಿ ಕಾದ ಮೇಲಷ್ಟೇ ಅದರ ಆಟ ಶುರು. ನನ್ನ ಹತ್ತು ನಿಮಿಷದಲ್ಲಿ ಎಣ್ಣೆ ಅಷ್ಟು ಕಾಯುವುದೆಲ್ಲಿ? ವಿಮಾನ ಇನ್ನೂ ಎರಡು ದಿನ ನಿಂತಿತು, ಮಾಲೀಕರಿಂದ ಬೈಸಿಕೊಂಡೆವು. ಈಗ ಯಾವ ದೂರು ಬಂದರೂ ಸ್ಪ್ಯಾನರ್ ಹಿಡಿಯುವ ಮೊದಲು ಲಾಗ್‌ಬುಕ್ಕಿನ ಹಳೇ ಪುಟಗಳನ್ನು ತಿರುವುತ್ತೇನೆ. ‘ಸರಿಯಿದೆ’ ಅಂತ ನಾನೇ ಬರೆದ ಸಾಲು ಸಿಕ್ಕಿದರೆ ಅಲ್ಲಿಂದಲೇ ಶುರು.