ಗ್ಯಾಲಪಗೋಸ್‌ನಲ್ಲಿ ಸಿಕ್ಕ ನೆಗ್ಗಿಲ ಮುಳ್ಳು

ನನ್ನ ತಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮರಳಿಗೆ ಇಳಿದ. ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, "ಅಯ್ಯೋ ಅಕ್ಕಾ" ಅಂತ ಕುಂಟುತ್ತಾ ಹೋಗಿ ಕಲ್ಲಿನ ಮೇಲೆ ಕೂತ. ಅಂಗಾಲು ತಿರುಗಿಸಿ ನೋಡಿದೆ. ಕಂದು ಬಣ್ಣದ ಒಂದು ಗಟ್ಟಿ ಹೋಳು, ಎರಡು ಮುಳ್ಳು ಪೂರ್ತಿ ಒಳಗೆ ಹೋಗಿವೆ. ಉಗುರಲ್ಲಿ ಮೀಟಿ ತೆಗೆದು ಅಂಗೈ ಮೇಲೆ ಇಟ್ಟುಕೊಂಡೆ. ಇಬ್ಬರೂ ಒಂದೇ ಸಲ ಹೇಳಿದೆವು: "ನೆಗ್ಗಿಲು!"

ಚಳ್ಳಕೆರೆ ಕಡೆ ಬೆಳೆದವರಿಗೆ ನೆಗ್ಗಿಲ ಮುಳ್ಳನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ, ಕಣದಲ್ಲಿ, ಹೊಲದ ಬದುವಿನಲ್ಲಿ ಎಲ್ಲಾ ಕಡೆ ಅದೇ. ನೆಲಕ್ಕೆ ಅಂಟಿಕೊಂಡು ಹರಡುವ ಬಳ್ಳಿ, ಪುಟ್ಟ ಹಳದಿ ಹೂವು. ಒಣಗಿದರೆ ಸಾಕು, ಸೈಕಲ್ ಟ್ಯೂಬಿಗೂ ಕಾಲಿಗೂ ಒಂದೇ ಗತಿ. ಸಂಜೆ ಅಪ್ಪ ನಮ್ಮನ್ನು ಜಗಲಿ ಮೇಲೆ ಕೂರಿಸಿಕೊಂಡು ಪಿನ್ನಿನಿಂದ ಮುಳ್ಳು ತೆಗೆಯುತ್ತಿದ್ದರು.

ನಾವಿದ್ದದ್ದು ಮಾತ್ರ ದಕ್ಷಿಣ ಅಮೆರಿಕದ ದಡದಿಂದ ಸುಮಾರು ಸಾವಿರ ಕಿಲೋಮೀಟರ್ ದೂರ, ಪೆಸಿಫಿಕ್ ಸಮುದ್ರದ ನಡುವೆ, ಗ್ಯಾಲಪಗೋಸ್ ದ್ವೀಪಗಳಲ್ಲಿ ಒಂದಾದ ಸಾಂಟಾ ಕ್ರೂಜ್‌ನ ಎಲ್ ಗರಪತೆರೊ ಬೀಚಿನಲ್ಲಿ. ಹತ್ತು ದಿನದ ಪ್ರವಾಸ ಅದು. ಆಮೆ, ಸೀಲಯನ್, ಸಮುದ್ರದಲ್ಲಿ ಈಜುವ ಇಗ್ವಾನಾ ಎಲ್ಲಾ ನೋಡಿದೆವು, ಫೋಟೋ ಬೇಕಾದಷ್ಟಿವೆ. ಬರೆಯಬೇಕು ಅನ್ನಿಸಿದ್ದು ಮಾತ್ರ ಈ ಮುಳ್ಳಿನ ಬಗ್ಗೆ.

ಅದಕ್ಕೂ ಮೊದಲು ಒಂದು ಮಾತು. ಹೋಗುವವರು ದಯವಿಟ್ಟು ಡಾಲರ್ ನೋಟು ಕೈಯಲ್ಲಿ ಇಟ್ಟುಕೊಂಡು ಹೋಗಿ. 2024ರ ಆಗಸ್ಟಿನಿಂದ ನಮ್ಮಂಥ ವಿದೇಶಿಯರಿಗೆ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ತಲೆಗೆ 200 ಡಾಲರ್. ನಮ್ಮ ಟ್ರಾವೆಲ್ ಏಜೆಂಟ್ "ಕಾರ್ಡ್ ನಡೆಯುತ್ತೆ" ಅಂತ ಬರೆದು ಕಳಿಸಿದ್ದ. ಬಾಲ್ಟ್ರಾ ವಿಮಾನ ನಿಲ್ದಾಣದಲ್ಲಿ ಇಳಿದು ಸಾಲಲ್ಲಿ ನಿಂತಮೇಲೆ ಗೊತ್ತಾಯಿತು, ನಡೆಯಲ್ಲ. ಇಬ್ಬರ ಪರ್ಸ್ ಜಾಲಾಡಿದರೂ 60 ಡಾಲರ್ ಕಡಿಮೆ. ವಿಮಾನದಲ್ಲಿ ಪಕ್ಕ ಕೂತಿದ್ದ ಈಕ್ವೆಡಾರಿನ ಅಜ್ಜಿಯೊಬ್ಬರು ಸುಮ್ನೆ ತೆಗೆದು ಕೊಟ್ಟರು. ಊರು ತಲುಪಿ ಎಟಿಎಂ ಹುಡುಕಿ ಹಿಂದಿರುಗಿಸುವವರೆಗೂ ನನ್ನ ಜೀವಕ್ಕೆ ಸಮಾಧಾನ ಇರಲಿಲ್ಲ. ಆ ಏಜೆಂಟ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಇರಲಿ, ಬೀಚಿಗೆ ಬರೋಣ. ತಮ್ಮನ ಕಾಲು ಒರೆಸುತ್ತಾ ಕೂತಿದ್ದಾಗ ಕಪ್ಪು ಬಣ್ಣದ ಒಂದು ಹಕ್ಕಿ ಹತ್ತಿರವೇ ಬಂದು ಇಳಿಯಿತು. ಹೆಚ್ಚು ಕಡಿಮೆ ಗುಬ್ಬಿಯಷ್ಟೇ. ಇಲ್ಲಿನ ಪ್ರಾಣಿ ಪಕ್ಷಿಗಳಿಗೆ ಮನುಷ್ಯರ ಭಯವೇ ಇಲ್ಲ. ಮೂರು ಅಡಿ ದೂರದಲ್ಲಿ ಅದರ ಪಾಡಿಗೆ ಅದು ಮರಳು ಕೆದಕುತ್ತಿತ್ತು. ನೆಗ್ಗಿಲ ಕಾಯಿಯ ಒಂದು ಹೋಳು ಸಿಕ್ಕಿತು. ಆ ಕಾಯಿ ಒಣಗಿದಾಗ ಐದು ಹೋಳಾಗಿ ಬಿಡಿಸಿಕೊಳ್ಳುತ್ತದೆ, ಪ್ರತಿ ಹೋಳಿನ ಒಳಗೂ ಕೆಲವು ಬೀಜ. ಹಕ್ಕಿ ಹೋಳನ್ನು ಕೊಕ್ಕಿನ ಬುಡಕ್ಕೆ, ಅಡ್ಡಕ್ಕೆ ತಂದುಕೊಂಡಿತು. ನಾವು ಕಬ್ಬು ಸಿಗಿಯುವಾಗ ದವಡೆ ಹಲ್ಲಿಗೆ ತಂದುಕೊಳ್ಳುತ್ತೇವಲ್ಲ, ಹಾಗೆ. ತಲೆ ಒಂದು ಪಕ್ಕಕ್ಕೆ ತಿರುಚಿತು. ಚಟ್ ಅಂತ ಸದ್ದು. ನಾಲಿಗೆಯಲ್ಲಿ ಬೀಜ ಹೆಕ್ಕಿ ಸಿಪ್ಪೆ ಉಗಿಯಿತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಬಣ್ಣ ಅದೇ, ಆಕಾರ ಅದೇ, ಕೊಕ್ಕು ಮಾತ್ರ ಸಣ್ಣದು. ಅದೂ ಒಂದು ಹೋಳು ಎತ್ತಿಕೊಂಡಿತು, ಕಚ್ಚಿ ನೋಡಿತು, ಹೊರಳಿಸಿತು, ಮತ್ತೆ ಕಚ್ಚಿತು. ಕೊನೆಗೆ ಕೆಳಗೆ ಹಾಕಿ ಹುಲ್ಲಿನ ಕಡೆ ಹಾರಿಹೋಯಿತು. ತಮ್ಮ ಕಾಲು ನೋವು ಮರೆತು ಅದನ್ನೇ ನೋಡುತ್ತಿದ್ದ. ಅರ್ಧ ಗಂಟೆ ನಾವು ಅಲ್ಲಿಂದ ಏಳಲಿಲ್ಲ.

ಮಾರನೇ ದಿನ ನಾರ್ತ್ ಸೀಮೋರ್ ದ್ವೀಪಕ್ಕೆ ದೋಣಿ. ನೀಲಿ ಕಾಲಿನ ಬೂಬಿ ಹಕ್ಕಿಗಳನ್ನು ನೋಡಲು ಜನ ಮುಗಿಬಿದ್ದು ಬರುತ್ತಾರೆ. ಚೆಂದವೇ ಇವೆ. ಆದರೆ ಊರ ತುಂಬಾ ಟೀ ಶರ್ಟು, ಟೋಪಿ, ಕೀ ಬಂಚಿನ ಮೇಲೆ ಅವನ್ನೇ ನೋಡಿ ನೋಡಿ, ನಿಜವಾದದ್ದು ಎದುರು ಬಂದಾಗ ನನಗೆ ಅಂಥ ಸಂಭ್ರಮ ಆಗಲಿಲ್ಲ. ಗುಲಗಂಜಿಯಷ್ಟೂ ಬಣ್ಣ ಇಲ್ಲದ ಆ ಕರಿ ಹಕ್ಕಿಯೇ ತಲೆಯಲ್ಲಿ ಕೂತಿತ್ತು.

ದೋಣಿಯಿಂದ ಒಂದು ಬೋಳು ಗುಡ್ಡ ಕಂಡಿತು. ಸಮುದ್ರದಿಂದ ನೆಟ್ಟಗೆ ಎದ್ದು ನಿಂತಿದೆ, ತುದಿ ಕತ್ತರಿಸಿದ ಹಾಗೆ. ನಮ್ಮ ಗೈಡ್ ಹೇಳಿದರು, ಅದು ಡ್ಯಾಫ್ನೆ ಮೇಜರ್. ಹಳೆಯ ಜ್ವಾಲಾಮುಖಿ, ಎತ್ತರ ಸುಮಾರು 120 ಮೀಟರ್, ನೀರಿಲ್ಲ, ನೆರಳಿಲ್ಲ. ಪ್ರವಾಸಿಗರಿಗೆ ಹತ್ತಲು ಬಿಡುವುದಿಲ್ಲ. ಪೀಟರ್ ಗ್ರಾಂಟ್, ರೋಸ್ಮರಿ ಗ್ರಾಂಟ್ ಅನ್ನುವ ವಿಜ್ಞಾನಿ ದಂಪತಿ 1973ರಿಂದ ನಲವತ್ತು ವರ್ಷ, ವರ್ಷಕ್ಕೆ ಕೆಲವು ತಿಂಗಳು, ಅಲ್ಲಿ ಬಿಡಾರ ಹೂಡಿದ್ದರಂತೆ. ಕುಡಿಯುವ ನೀರನ್ನೂ ದೋಣಿಯಲ್ಲಿ ತರಬೇಕು. ಬಲೆ ಹಾಕಿ ಫಿಂಚ್ ಹಕ್ಕಿ (ಬೀಚಿನಲ್ಲಿ ನಾವು ನೋಡಿದ ಕರಿ ಹಕ್ಕಿಯೂ ಫಿಂಚೇ) ಹಿಡಿಯುವುದು, ಕಾಲಿಗೆ ಬಣ್ಣದ ಬಳೆ ತೊಡಿಸುವುದು, ಕೊಕ್ಕು ಅಳೆಯುವುದು, ಬಿಡುವುದು. ಯಾರ ಮರಿ ಯಾರು, ಯಾವುದು ಸತ್ತಿತು, ಯಾವುದು ಉಳಿಯಿತು ಎಲ್ಲಾ ಲೆಕ್ಕ.

ನಾನು ಬ್ಯಾಗಿನಿಂದ ಟಿಶ್ಯೂ ಪೇಪರಲ್ಲಿ ಸುತ್ತಿಟ್ಟಿದ್ದ ಮುಳ್ಳು ತೆಗೆದು ತೋರಿಸಿದೆ. ಗೈಡ್ ಮುಖ ಅರಳಿತು. "ಇದು ನಿಮಗೆ ಎಲ್ಲಿ ಸಿಕ್ಕಿತು? ನಿಮಗೆ ಗೊತ್ತಾ, ಆ ಗುಡ್ಡದ ಕಥೆಯೆಲ್ಲಾ ಇದರದ್ದೇ" ಅಂದರು. ಅಲ್ಲಿಂದ ಮುಂದೆ ಬೂಬಿ, ಫ್ರಿಗೇಟ್ ಹಕ್ಕಿ ಎಲ್ಲಾ ಪಕ್ಕಕ್ಕೆ ಉಳಿದವು.

ಈ ಗಿಡ ನಮ್ಮ ನೆಗ್ಗಿಲಿನ ದಾಯಾದಿ. ಎರಡೂ ಟ್ರಿಬುಲಸ್ ಕುಲದವೇ, ಇಲ್ಲಿನದರ ಹೂವು ದೊಡ್ಡದು. 1977ರಲ್ಲಿ ಡ್ಯಾಫ್ನೆಯಲ್ಲಿ ಭಾರೀ ಬರ. ಆ ಮಳೆಗಾಲದಲ್ಲಿ ಬಿದ್ದದ್ದು ಬರೀ 24 ಮಿಲಿಮೀಟರ್. ಗಿಡಗಳು ಹೂ ಬಿಡಲಿಲ್ಲ. ಇದ್ದ ಸಣ್ಣ, ಮೆತ್ತನೆ ಬೀಜಗಳನ್ನು ಹಕ್ಕಿಗಳು ಮೊದಲು ತಿಂದು ಮುಗಿಸಿದವು. ಕೊನೆಗೆ ನೆಲದಲ್ಲಿ ಉಳಿದಿದ್ದು ಹೆಚ್ಚಾಗಿ ಈ ಮುಳ್ಳುಕಾಯಿ. ಮಧ್ಯಮ ನೆಲ ಫಿಂಚ್ ಅನ್ನುವ ಜಾತಿಯ ಹಕ್ಕಿಗಳಲ್ಲಿ 100ಕ್ಕೆ 85 ಸತ್ತವು.

ನೂರಕ್ಕೆ ಎಂಬತ್ತೈದು. ನಮ್ಮ ಊರಿನ ಬರಗಳು ನೆನಪಾದವು. ಗೋಶಾಲೆಯಲ್ಲಿ ಸಾಲಾಗಿ ಕಟ್ಟಿದ್ದ, ಪಕ್ಕೆಲುಬು ಎಣಿಸಬಹುದಾದ ದನಗಳು. ಬೆಳಗ್ಗೆ ಒಂದೊಂದು ಏಳುತ್ತಿರಲಿಲ್ಲ. ತಮ್ಮನೂ ಅದನ್ನೇ ನೆನೆಸಿಕೊಂಡನೋ ಏನೋ, ಸುಮ್ಮನಾದ.

"ಉಳಿದವು ಯಾವುವು ಗೊತ್ತಾ?" ಅಂದರು ಅವರು. "ಕೊಕ್ಕು ದಪ್ಪ ಇದ್ದವು. ಮುಂದಿನ ವರ್ಷ ಹುಟ್ಟಿದ ಮರಿಗಳ ಕೊಕ್ಕೂ ದಪ್ಪ."

ನಾನು ಕೇಳಿದೆ, "ಅಂದ್ರೆ ಗಟ್ಟಿ ಕಾಯಿ ಒಡೆದೂ ಒಡೆದೂ ಕೊಕ್ಕು ದಪ್ಪ ಆಯಿತು, ಅಲ್ವಾ?"

"ಇಲ್ಲ. ಬರದಿಂದಾಗಿ ಒಂದೇ ಒಂದು ಹಕ್ಕಿಯ ಕೊಕ್ಕೂ ದಪ್ಪ ಆಗಲಿಲ್ಲ."

ನಾನು ಇಷ್ಟು ವರ್ಷ ವಿಕಾಸ ಅಂದರೆ ಅದೇ ಅಂದುಕೊಂಡಿದ್ದೆ. ಕಷ್ಟ ಬಂದಾಗ ಜೀವ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ಕತ್ತು ಚಾಚಿ ಚಾಚಿ ಜಿರಾಫೆ ಕತ್ತು ಉದ್ದ ಆಯಿತು ಅನ್ನುವ ಹಾಗೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ದಪ್ಪ ಕೊಕ್ಕಿನವು, ಸಣ್ಣ ಕೊಕ್ಕಿನವು, ನಡುವಿನವು ಎಲ್ಲಾ ಬರಕ್ಕೆ ಮೊದಲೇ ಆ ಗುಡ್ಡದಲ್ಲಿ ಇದ್ದವು. ಅದು ಅಪ್ಪ ಅಮ್ಮನಿಂದ ಬಂದ ವ್ಯತ್ಯಾಸ, ಹುಟ್ಟಿನಿಂದಲೇ ಇದ್ದದ್ದು. ಮಳೆ ಚೆನ್ನಾಗಿ ಆದಾಗ ಅದರಿಂದ ಅಷ್ಟೇನೂ ಫರಕು ಬೀಳುತ್ತಿರಲಿಲ್ಲ. ಬರ ಹೊಸದಾಗಿ ಏನೂ ಮಾಡಲಿಲ್ಲ, ಇದ್ದವುಗಳಲ್ಲಿ ಆರಿಸಿತು.

"ಎಷ್ಟು ದಪ್ಪ?" ಅಂತ ತಮ್ಮ ಕೇಳಿದ.

ಅವರು ತಮ್ಮ ಟಿಪ್ಪಣಿ ಪುಸ್ತಕ ತೆರೆದು ಐದು ಹಾಳೆ ಎಣಿಸಿದರು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿಡಿದು ನಮ್ಮ ಮುಂದೆ ಚಾಚಿದರು. ಹೆಚ್ಚು ಕಡಿಮೆ ಅರ್ಧ ಮಿಲಿಮೀಟರ್. ನಾನು ಆ ಐದು ಹಾಳೆ ಮುಟ್ಟಿ ನೋಡಿದೆ. ಇರುವುದೇ ಗೊತ್ತಾಗುವುದಿಲ್ಲ. ಸಾಯುವುದಕ್ಕೂ ಬದುಕುವುದಕ್ಕೂ ನಡುವೆ ಇದ್ದದ್ದು ಅಷ್ಟು.

ಆಗ ನನಗೆ ಅಜ್ಜಿಯ ನವಣೆ ಹೊಲ ನೆನಪಾಯಿತು. ಒಂದೇ ಚೀಲದ ಬೀಜ, ಒಂದೇ ದಿನದ ಬಿತ್ತನೆ. ಮಳೆ ಕೈಕೊಟ್ಟ ವರ್ಷ ಮುಕ್ಕಾಲು ಪಾಲು ಒಣಗಿದರೂ ಅಲ್ಲೊಂದು ಇಲ್ಲೊಂದು ಪೈರು ತೆನೆ ಹೊತ್ತು ನಿಂತಿರುತ್ತಿತ್ತು. ಅಜ್ಜಿ ಮುಂದಿನ ಬಿತ್ತನೆಗೆ ಅದೇ ತೆನೆಗಳನ್ನು ಬೇರೆ ಗಂಟು ಕಟ್ಟಿ ಜಂತಿಗೆ ನೇತುಹಾಕುತ್ತಿದ್ದರು. ಇದನ್ನು ಹೇಳಿದಾಗ ಗೈಡ್ ಹೇಳಿದ್ದು ಇಷ್ಟೇ: "ಡ್ಯಾಫ್ನೆಯಲ್ಲಿ ಅಜ್ಜಿ ಇರಲಿಲ್ಲ. ಹಸಿವೇ ಆರಿಸಿತು."

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1982-83ರಲ್ಲಿ ಎಲ್ ನಿನೊ ಬಂತು, ಅಂದರೆ ಪೆಸಿಫಿಕ್ ಸಮುದ್ರದ ನೀರು ಬಿಸಿಯಾಗಿ ಇಲ್ಲಿ ಮಳೆ ಹೆಚ್ಚಾಗುವ ಕಾಲ. ಒಣ ಗುಡ್ಡದ ಮೇಲೆ ಒಂದು ಮೀಟರಿಗೂ ಜಾಸ್ತಿ ಮಳೆ ಸುರಿಯಿತು. ಬಳ್ಳಿಗಳು ಎದ್ದು ನೆಗ್ಗಿಲ ಗಿಡಗಳನ್ನೇ ಮುಚ್ಚಿಹಾಕಿದವು. ನೆಲದ ತುಂಬಾ ಸಣ್ಣ ಬೀಜ. ಅದಾದ ಮೇಲೆ ಒಣ ದಿನ ಬಂದಾಗ ಉಳಿದವು ಸಣ್ಣ ಕೊಕ್ಕಿನವು. ಮೊದಲು ಗೆದ್ದದ್ದು ಈಗ ಸೋತಿತು. ಒಳ್ಳೆಯ ಕೊಕ್ಕು ಅಂತ ಒಂದು ಇಲ್ಲವೇ ಇಲ್ಲ, ಆ ವರ್ಷದ ನೆಲದ ಮೇಲೆ ಏನಿದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಆದದ್ದು ಮುಂದಿನ ಭಾಗ. 1982ರಲ್ಲೇ ಡ್ಯಾಫ್ನೆಗೆ ಇನ್ನೂ ದೊಡ್ಡ ಕೊಕ್ಕಿನ ಬೇರೆ ಜಾತಿಯ ಫಿಂಚ್ ಬಂದು ನೆಲೆ ಊರಿತು. ನೆಗ್ಗಿಲು ಒಡೆಯುವುದರಲ್ಲಿ ಅದು ಗಟ್ಟಿಗ. 2003ರಿಂದ ಮತ್ತೆ ಬರ. ಈ ಸಲವೂ ದಪ್ಪ ಕೊಕ್ಕಿನವೇ ಉಳಿಯಬೇಕಿತ್ತು ಅಲ್ವಾ? ಉಳಿಯಲಿಲ್ಲ. ನೆಗ್ಗಿಲನ್ನೆಲ್ಲಾ ಆ ದೊಡ್ಡ ಹಕ್ಕಿಗಳು ತಿಂದುಬಿಟ್ಟವು. ನಮ್ಮ ಮಧ್ಯಮ ಫಿಂಚ್‌ಗಳಲ್ಲಿ ದಪ್ಪ ಕೊಕ್ಕಿನವೇ ಜಾಸ್ತಿ ಸತ್ತವು, ಸಣ್ಣ ಬೀಜ ಹೆಕ್ಕಬಲ್ಲ ಸಣ್ಣ ಕೊಕ್ಕಿನವು ಉಳಿದವು. ಬರ ಅದೇ, ಮುಳ್ಳು ಅದೇ, ನೆರೆಮನೆಗೆ ಹೊಸಬರು ಬಂದಿದ್ದಕ್ಕೆ ಫಲ ತಿರುಗಿಬಿತ್ತು. ಕೊಕ್ಕಿನ ಗಾತ್ರಕ್ಕೆ ಸಂಬಂಧಪಟ್ಟ ಎಚ್‌ಎಂಜಿಎ2 ಅನ್ನುವ ಜೀನ್ ಇದೆ. ಆ ಜೀನಿನ ಯಾವ ರೂಪ ಇದ್ದ ಹಕ್ಕಿ ಆ ಬರದಲ್ಲಿ ಉಳಿಯಿತು ಅನ್ನುವುದನ್ನೂ ವಿಜ್ಞಾನಿಗಳು 2016ರಲ್ಲಿ ತೋರಿಸಿದರು.

"ಹಾಗಾದ್ರೆ ಈ ಗಿಡ ಸುಮ್ನೆ ತಿನ್ನಿಸಿಕೊಳ್ಳುತ್ತಾ?" ಅಂತ ತಮ್ಮ ಕೇಳಿದ. ಕಾಲಿಗೆ ಚುಚ್ಚಿಸಿಕೊಂಡವನ ಪ್ರಶ್ನೆ. ಇಲ್ಲವಂತೆ. ಗಿಡದಿಂದ ಗಿಡಕ್ಕೆ ಕಾಯಿಯೂ ಬೇರೆ ಬೇರೆ. ಒಳಗೆ ಬೀಜ ಜಾಸ್ತಿ ಇರುವುದನ್ನು ಹಕ್ಕಿಗಳು ಹುಡುಕಿ ಒಡೆಯುತ್ತವೆ. ಮುಳ್ಳು ಉದ್ದ ಇರುವುದನ್ನು ಬಿಟ್ಟುಬಿಡುವುದು ಜಾಸ್ತಿ. ಉಳಿದದ್ದು ಮೊಳೆಯುತ್ತದೆ. ಹಕ್ಕಿ ಮುಳ್ಳನ್ನು ಆರಿಸುತ್ತಿದೆ, ಮುಳ್ಳು ಹಕ್ಕಿಯನ್ನು ಆರಿಸುತ್ತಿದೆ.

ದೋಣಿ ಡ್ಯಾಫ್ನೆ ದಾಟಿ ಎಷ್ಟೋ ಮುಂದೆ ಬಂದಿತ್ತು. ನಾನು ತಿರುಗಿ ತಿರುಗಿ ನೋಡಿದೆ.

ಅದಾದ ಮೇಲೆ ಇಸಬೆಲಾ ದ್ವೀಪದಲ್ಲಿ ಎರಡು ದಿನ. ಹೋಗುವ ಸ್ಪೀಡ್ ಬೋಟಿನಲ್ಲಿ ಎರಡು ಗಂಟೆ ಹೊಟ್ಟೆ ತೊಳಸಿತು. ಹೊಟ್ಟೆ ತುಂಬಾ ತಿಂದು ಹತ್ತಬೇಡಿ, ಹಿಂದಿನ ಸೀಟು ಹಿಡಿಯಿರಿ. ಸಸ್ಯಾಹಾರಿಗಳು ಊಟಕ್ಕೆ ಹೆದರಬೇಕಾಗಿಲ್ಲ. ಅನ್ನ, ಕಾಳಿನ ಮೆನೆಸ್ತ್ರಾ, ಬಾಳೆಕಾಯಿ ಜಜ್ಜಿ ಕರಿದ ಪಟಕೋನೆಸ್ ಎಲ್ಲಾ ಕಡೆ ಸಿಗುತ್ತದೆ. ಬಿಸಿ ಪಟಕೋನೆಸ್ ಮೇಲೆ ನಮ್ಮ ಶೇಂಗಾ ಚಟ್ನಿಪುಡಿ ಹಾಕಿಕೊಂಡು ತಿಂದ ರುಚಿ ಇನ್ನೂ ಬಾಯಲ್ಲಿದೆ.

ಸಾಂಟಾ ಕ್ರೂಜ್‌ನ ಪುಯೆರ್ತೊ ಅಯೋರಾ ಊರಿನಲ್ಲಿ ನಾವಿದ್ದ ಹೋಟೆಲಿನ ಅಂಗಳದಲ್ಲೇ ತಿಂಡಿ. ಮೊದಲ ದಿನದಿಂದಲೂ ಅಲ್ಲಿ ಫಿಂಚ್‌ಗಳು ಮೇಜಿನ ಮೇಲೆ ಬಂದು ಕೂರುತ್ತಿದ್ದವು. ತಮ್ಮನಿಗೆ ಅವುಗಳ ಮೇಲೆ ಬಹಳ ಅಕ್ಕರೆ. ಮೂರು ದಿನ ತನ್ನ ತಟ್ಟೆಯಿಂದ ಅನ್ನದ ಅಗುಳು ತೆಗೆದು ಅಂಚಿನಲ್ಲಿ ಇಡುತ್ತಿದ್ದ. ಪ್ರಾಣಿಗಳಿಗೆ ತಿನ್ನಿಸಬಾರದು ಅನ್ನುವ ಬೋರ್ಡು ಎಲ್ಲಾ ಕಡೆ ಇದೆ. ಹಕ್ಕಿಗೆ ನಾಲ್ಕು ಅಗುಳು ಇಟ್ಟರೆ ಏನಾಯಿತು ಅಂತ ನನಗೂ ಅನ್ನಿಸಿತ್ತು.

ದೋಣಿಯಲ್ಲಿ ಆ ಬಗ್ಗೆಯೂ ಮಾತು ಬಂದಿತ್ತು. ಎಲ್ ಗರಪತೆರೊದಲ್ಲಿ ನಾವು ನೋಡಿದ ದೊಡ್ಡ ಕೊಕ್ಕು, ಸಣ್ಣ ಕೊಕ್ಕು ಎರಡೂ ಒಂದೇ ಜಾತಿಯವು. ಅಲ್ಲಿ ನಡುವಿನ ಗಾತ್ರದವು ಕಡಿಮೆ. ದೊಡ್ಡವು ಹೆಚ್ಚಾಗಿ ದೊಡ್ಡವುಗಳ ಜೊತೆ ಜೋಡಿ ಕಟ್ಟುತ್ತವೆ, ಸಣ್ಣವು ಸಣ್ಣವುಗಳ ಜೊತೆ. ಒಂದು ಜಾತಿ ಎರಡಾಗುವ ದಾರಿಯಲ್ಲಿ ಇರಬಹುದಾದ ಹಕ್ಕಿಗಳು. ಹಿಂದೆ ಪುಯೆರ್ತೊ ಅಯೋರಾ ಬಳಿಯೂ ಹೀಗೇ ಇತ್ತು. ಊರು ಬೆಳೆಯಿತು, ಅನ್ನ, ಬ್ರೆಡ್ಡು, ಚಿಪ್ಸು ಬಂತು. ಅದನ್ನು ತಿನ್ನಲು ಯಾವ ಕೊಕ್ಕಾದರೂ ಸಾಕು. ನಡುವಿನವೂ ಉಳಿದವು, ಕವಲು ಮಸುಕಾಗುತ್ತಾ ಬಂತು. ಬೀಜ ಒಡೆಯುವ ಕೊಕ್ಕು ಈ ದ್ವೀಪಗಳಲ್ಲಿ ಅಷ್ಟು ಕಾಲದಿಂದ ಬೇರೆ ಬೇರೆಯಾಗುತ್ತಾ ಬಂದಿದೆ. ನಮ್ಮ ಊಟದ ಮೇಜು ಅದನ್ನು ಕೆಲವೇ ದಶಕದಲ್ಲಿ ಕಲಸಿಹಾಕಿತು ಅಂತ ಕೇಳಿ ನನಗೆ ನಿಜವಾಗಿ ಸಂಕಟ ಆಯಿತು.

ಹೊರಡುವ ಹಿಂದಿನ ದಿನ ಮತ್ತೆ ಬೀಚಿಗೆ ಹೋದೆವು. ಬೀಜ, ಕಲ್ಲು, ಮರಳು ಏನನ್ನೂ ದ್ವೀಪದಿಂದ ಒಯ್ಯುವಂತಿಲ್ಲ. ಟಿಶ್ಯೂ ಬಿಚ್ಚಿ ಮುಳ್ಳನ್ನು ಬಳ್ಳಿಯ ಬುಡದಲ್ಲಿ ಇಟ್ಟು ಬಂದೆ.

ಕೊನೆಯ ದಿನದ ತಿಂಡಿಗೆ ಎಂದಿನ ಹಾಗೆ ಒಂದು ಫಿಂಚ್ ಬಂದು ಎದುರಿನ ಕುರ್ಚಿಯ ಬೆನ್ನ ಮೇಲೆ ಕೂತಿತು. ತಮ್ಮ ಅದನ್ನು ನೋಡಿದ. ಸಾಸರ್ ಎತ್ತಿ ತನ್ನ ಅನ್ನದ ಮೇಲೆ ಮುಚ್ಚಿದ.

"ಹೋಗಪ್ಪಾ, ಬೀಚ್ ಕಡೆ ಹೋಗು" ಅಂದ, ಕನ್ನಡದಲ್ಲೇ.