ಬೆಕ್ಕನ್ನು ಎಷ್ಟಕ್ಕೆ ತಂದಿರಿ?

"ಎಷ್ಟಕ್ ತಂದೀರಿ ಇದನ್ನ?" ಅಂತ ಆ ಅಜ್ಜ ಕೇಳಿದ್ದು ಮಂಗಳವಾರ. ಇವತ್ತು ಶನಿವಾರ, ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಧಾರವಾಡದಲ್ಲಿ ದನದ ದವಾಖಾನೆಯ ಕಟ್ಟೆ. ನನ್ನ ತೊಡೆಯ ಮೇಲೆ ಬುಟ್ಟಿ, ಒಳಗೆ ಮಿರ್ಚಿ. ಗಿರ್ಮಿಟ್, ಮಿರ್ಚಿ ಭಜಿ ಮಾರುವ ಗಾಡಿಯ ಕೆಳಗೆ ಸಿಕ್ಕ ಮರಿ, ಅದಕ್ಕೇ ಆ ಹೆಸರು. ಕೆಲವು ದಿನಗಳಿಂದ ಬಾಯಿಗೆ ಹಾಕಿದ್ದನ್ನು ಉದುರಿಸುತ್ತಿದ್ದ, ಒಂದೇ ಕಡೆ ಅಗಿಯುತ್ತಿದ್ದ, ದವಡೆ ಮುಟ್ಟಿದರೆ ನಡುಗುತ್ತಿದ್ದ. ಹುಬ್ಬಳ್ಳಿಯ ಕ್ಲಿನಿಕ್ ಒಂದರಲ್ಲಿ ಹಲ್ಲು ಕೀಳಬೇಕು, 16,000 ಆಗುತ್ತದೆ ಅಂತ ಚೀಟಿ ಬರೆದು ಕೊಟ್ಟಿದ್ದರು. ಇನ್ನೊಬ್ಬರನ್ನೂ ಕೇಳೋಣ ಅಂತ ಇಲ್ಲಿಗೆ ಬಂದೆ. ಇಲ್ಲಿನ ಡಾಕ್ಟರೂ ಅದನ್ನೇ ಹೇಳಿದರು. ಬೆಕ್ಕಿನ ಹಲ್ಲು ಅಂದಾಗ ನಗದೇ ಬಾಯಿ ತೆಗೆಸಿ ನೋಡಿದ ಪುಣ್ಯಾತ್ಮ ಅವರೊಬ್ಬರೇ.

ಬೆಕ್ಕಿಗೆ ಇರೋದು 30 ಹಲ್ಲು. ಮಿರ್ಚಿಗೆ ಬಂದಿರುವ ರೋಗದಲ್ಲಿ ಅದರ ಮೈಯ ಜೀವಕೋಶಗಳೇ ಹಲ್ಲನ್ನು ತಿಂದು ಕರಗಿಸುತ್ತವೆ. ಮೇಲೆ ಚೆನ್ನಾಗಿಯೇ ಕಾಣುವ ಹಲ್ಲಿನ ಬೇರು ಒಳಗೆ ಹೋಗಿರಬಹುದು, ಅದಕ್ಕೇ ಎಕ್ಸ್‌ರೇ ಬೇಕು. ಸಿಮೆಂಟ್ ತುಂಬಿದರೆ ನಿಲ್ಲುವುದಿಲ್ಲ, ಕೀಳಲೇಬೇಕು. ನಮಗಾದರೆ ಒಸಡಿಗೆ ಒಂದು ಸೂಜಿ ಚುಚ್ಚಿ "ಆ ಅನ್ರೀ" ಅಂದರೆ ಆಯಿತು. ಬೆಕ್ಕು ಆ ಅನ್ನುತ್ತದೆಯೇ? ಪೂರ್ತಿ ಮಲಗಿಸಬೇಕು, ಅದಕ್ಕೂ ಮೊದಲು ರಕ್ತ ಪರೀಕ್ಷೆ, ಮಲಗಿರುವಾಗ ಉಸಿರು, ಎದೆಬಡಿತ ನೋಡುತ್ತಾ ಒಬ್ಬರು ಪಕ್ಕದಲ್ಲೇ ನಿಂತಿರಬೇಕು. ರೊಕ್ಕ ಹೋಗುವುದು ಅಲ್ಲಿ.

ಇದನ್ನೆಲ್ಲ ಕೇಳಿಸಿಕೊಂಡೇ ಅಜ್ಜ ಆ ಮಾತು ಕೇಳಿದ್ದು. ಅವರ ಹತ್ತಿರ ಒಂದು ಆಡು, ಹೊಟ್ಟೆ ಉಬ್ಬಿತ್ತು.

"ತಂದಿಲ್ರೀ ಅಜ್ಜಾ, ತಾನಾ ಬಂದೈತಿ."

"ಪುಕ್ಕಟ ಬಂದದ್ದಕ್ಕ ಹದಿನಾರು ಸಾವಿರಾ?"

ವ್ಯಂಗ್ಯ ಇರಲಿಲ್ಲ. ಲೆಕ್ಕ ತಾಳೆಯಾಗದೆ ಕೇಳಿದ್ದು, ಅಷ್ಟೇ. ಆಮೇಲೆ ತಮ್ಮದನ್ನೂ ಹೇಳಿದರು: "ಈಕಿ ಎಂಟ ಸಾವಿರಕ್ಕ ಹೊಕ್ಕಾಳ. ಔಷಧಕ್ಕ ಸಾವಿರ ಆದ್ರ ನೋಡೋದು. ಅದರ ಮ್ಯಾಲ ಹೋದ್ರ ಮಾರೋದು." ಹಾಗೆ ಹೇಳುವಾಗ ಅವರ ಕೈ ಆಡಿನ ಕಿವಿಯ ಹಿಂದೆ ತುರಿಸುತ್ತಲೇ ಇತ್ತು, ಆಡು ಕಣ್ಣು ಮುಚ್ಚಿತ್ತು.

ನಮ್ಮ ಭಾವನೂ ಇದನ್ನೇ ಕೇಳಿದ್ದ, ಆದರೆ ನಕ್ಕು. "ಸತ್ತೂರಿನ ದಂತ ಕಾಲೇಜಿಗೆ ಒಯ್ಯಿ, ಸೋವಿ ಆಗ್ತದ" ಅಂದ. ಕಾರಿನ ಸೀಟ್ ಕವರ್‌ಗೆ ಇದಕ್ಕಿಂತ ಜಾಸ್ತಿ ಸುರಿದವನು ಅವನು, ಅದನ್ನು ಎಷ್ಟಕ್ಕೆ ಮಾರುತ್ತಾನೋ. ಪಕ್ಕದ ಮನೆಯ ಕಾಕೂ ಅರ್ಧ ಪ್ಯಾರಾಸಿಟಮಾಲ್ ಹಾಲಿನಲ್ಲಿ ಹಾಕು ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದು ಗುಳಿಗೆಯಲ್ಲೇ ಸಾಯಬಹುದು. ಬೆಕ್ಕು ಸಾಕಿದವರು ಇದೊಂದನ್ನು ನೆನಪಿಡಿ.

ಭಾವನಿಗೆ ಕೊಡಲು ನನ್ನ ಹತ್ತಿರ ಹತ್ತು ಉತ್ತರಗಳಿವೆ. ಅಜ್ಜನಿಗೆ ಒಂದೂ ಇಲ್ಲ. ನನಗಿಂತ ಅವರಿಗೆ ಪ್ರೀತಿ ಕಡಿಮೆ ಅಂತ ಯಾವ ಬಾಯಿಂದ ಹೇಳಲಿ? ನನಗೆ ಸಂಬಳ ಬರುತ್ತದೆ, ಮಿರ್ಚಿ ದುಡಿಯಬೇಕಿಲ್ಲ. ಅವರ ಮನೆ ನಡೆಯುವುದರಲ್ಲಿ ಆ ಆಡಿನದೂ ಪಾಲಿದೆ. ಅದಕ್ಕೇ ಅವರು ಪ್ರೀತಿಗೂ ಸಾವಿರಕ್ಕೆ ಒಂದು ಗೆರೆ ಎಳೆಯಬೇಕು. ಎಷ್ಟಾದರೂ ಸರಿ ಅನ್ನುವುದು ನನಗೂ ಆಗಲ್ಲ, ಅದು ಬೇರೆ ಮಾತು. 16,000ದ ಬದಲು 60,000 ಅಂದಿದ್ದರೆ? ನನ್ನದೂ ಒಂದು ಗೆರೆ ಇದೆ, ಸ್ವಲ್ಪ ದೂರದಲ್ಲಿದೆ ಅಷ್ಟೇ. ಒಳಗೆ ಕರೆದಾಗ ಅಜ್ಜ ಆಡನ್ನು ಎತ್ತಿಕೊಂಡೇ ಹೋದರು. ಅವರಿಗೆ ಖರ್ಚು ಸಾವಿರ ದಾಟಿತೋ ಇಲ್ಲವೋ ಅಂತ ಕಾದು ಕೇಳುವ ಧೈರ್ಯ ನನಗೆ ಬರಲಿಲ್ಲ.

ರೊಕ್ಕಕ್ಕೆ ಈ ತಿಂಗಳ ಭಿಶಿ, ಅಂದರೆ ಚೀಟಿ ಫಂಡು, ಎತ್ತಿದೆ. ಲಿಲಾವಿನಲ್ಲಿ (ಹರಾಜಿನಲ್ಲಿ) ಬೇಗ ಎತ್ತಿದರೆ ಲುಕ್ಸಾನು, ಆದರೂ ಎತ್ತಿದೆ. "ಏನಕ್ರೀ ಇಷ್ಟ ಅರ್ಜೆಂಟ?" ಅಂದರು ಭಿಶಿಯ ಅಕ್ಕೋರು. "ಹಲ್ಲಿನ ಖರ್ಚು" ಅಂದೆ. ಸುಳ್ಳೇನಲ್ಲ ಅಲ್ವಾ? ಯಾರ ಹಲ್ಲು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗುರುವಾರ ಆಪರೇಷನ್ ಇದೆ. ಅಕ್ಕೋರು ಆಗಲೇ ಒಂದು ಡಬ್ಬಿ ಲವಂಗ ಕಳಿಸಿದ್ದಾರೆ, ನಿನ್ನೆ ಫೋನ್ ಮಾಡಿ "ನಂದೂ ಒಂದ್ ಹಲ್ಲ ಭಾಳ ನೋಯ್ಲಿಕತ್ತದ, ನಿಮ್ಮ ಡಾಕ್ಟರ್ ನಂಬರ್ ಕೊಡ್ರಿ" ಅಂತ ಕೇಳಿದರು.